ಖಾಕಿ: ಮಣ್ಣಿನಿಂದ ಹುಟ್ಟಿದ ಮಾತು
(ಸುವರ್ಣ ಮಹೋತ್ಸವದ ಭಾಷಣದ ಬರಹರೂಪ)



ಇಂಗ್ಲಿಷ್ ಎಂದರೆ ನಮ್ಮ ಮಕ್ಕಳಿಗೆ ಅಂಜಿಕೆ. ಆ ಭಾಷೆಯಲ್ಲಿ ನಮ್ಮದೇನೂ ಇಲ್ಲವೆಂಬ ಭಾವನೆ. ಇಂದು ಒಂದೇ ಒಂದು ಪದ ಹಿಡಿದು ಆ ಅಂಜಿಕೆ ಬಿಡಿಸಲು ನೋಡುತ್ತೇನೆ. ಆ ಪದ 'ಖಾಕಿ'.

ಪೊಲೀಸರ ಮೈಮೇಲೆ, ಅಂಚೆಯಣ್ಣನ ಮೈಮೇಲೆ, ಬಸ್ಸಿನ ಡ್ರೈವರನ ಮೈಮೇಲೆ ನೀವು ಕಂಡ ಬಟ್ಟೆಯೇ ಅದು. ಇಂಗ್ಲಿಷ್ ನಿಘಂಟಿನಲ್ಲಿಯೂ ಇದೇ ಪದವಿದೆ. ಅಮೆರಿಕದವರು ಒಂದು ಬಗೆಯ ಪ್ಯಾಂಟನ್ನೇ 'ಖಾಕೀಸ್' ಎಂದು ಕರೆಯುತ್ತಾರೆ. ಆದರೆ ಪದ ಅವರದಲ್ಲ. ಪಾರಸಿಯಲ್ಲಿ 'ಖಾಕ್' ಎಂದರೆ ಮಣ್ಣು, ಧೂಳು. 'ಖಾಕಿ' ಎಂದರೆ ಮಣ್ಣಿನ ಬಣ್ಣದ್ದು. ಪಾರಸಿಯಿಂದ ಉರ್ದುವಿಗೆ ಬಂತು, ಉರ್ದುವಿನಿಂದ ಇಂಗ್ಲಿಷಿಗೆ ಹೋಯಿತು.

ನಮ್ಮ ಬೀದರಿಗೆ ಪಾರಸಿ ಹೊಸದಲ್ಲ. ಬಹಮನಿ ಸುಲ್ತಾನರ ದರ್ಬಾರಿನ ಭಾಷೆ ಅದು. ಇರಾನಿನ ಗಿಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಬೀದರಿನಲ್ಲಿ ನಿಂತಿದೆ. ನಾವು ದಿನವೂ ಆಡುವ ರುಮಾಲು, ಪೈಜಾಮ, ಶಾಲು ಕೂಡ ಪಾರಸಿಯವೇ. 'ರೂ' ಎಂದರೆ ಮುಖ. ಮುಖ ಒರೆಸುವುದು ರುಮಾಲು. 'ಪಾ' ಎಂದರೆ ಕಾಲು, 'ಜಾಮಾ' ಎಂದರೆ ಉಡುಪು. ಕಾಲಿನ ಉಡುಪು ಪೈಜಾಮ. ಇದರಲ್ಲಿ ಪೈಜಾಮ, ಶಾಲು ಎರಡೂ ಇಂಗ್ಲಿಷಿಗೂ ಸೇರಿವೆ.

ಇನ್ನು ಬಟ್ಟೆಯ ಕಥೆ. 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಪೇಶಾವರದಲ್ಲಿ 'ಗೈಡ್ಸ್' ಪಡೆ ಕಟ್ಟಿದ. ಕೆಂಪು ಅಂಗಿಯ ಸಿಪಾಯಿ ದೂರದಿಂದಲೇ ಶತ್ರುವಿನ ಕಣ್ಣಿಗೆ ಬೀಳುತ್ತಿದ್ದ. ಧೂಳಿನ ಬಣ್ಣ ತೊಟ್ಟವನು ನೆಲದೊಂದಿಗೆ ಬೆರೆತುಹೋಗುತ್ತಿದ್ದ. ಹಾಗಾಗಿ ಈ ಪಡೆ ಖಾಕಿ ತೊಟ್ಟಿತು. ಆದರೆ ಆಗಿನ ಖಾಕಿ ಒಗೆದಷ್ಟೂ ಬಣ್ಣ ಬಿಡುತ್ತಿತ್ತು. ಇಲ್ಲಿ ನಮ್ಮ ಕರ್ನಾಟಕದ ಹೆಸರು ಬರುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ 1850ರ ದಶಕದಲ್ಲಿ ನೇಯ್ಗೆ ಕಾರ್ಖಾನೆ ನಡೆಸುತ್ತಿತ್ತು. ಅಲ್ಲಿನ ನೇಕಾರ ಜಾನ್ ಹಾಲರ್ ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದು ಮಿಷನ್ನಿನ ಚರಿತ್ರೆ ಹೇಳುತ್ತದೆ. ಪದ ಪಾರಸಿಯದು, ಪಡೆ ಪೇಶಾವರದ್ದು, ಬಣ್ಣದ ಕೆಲಸ ಮಂಗಳೂರಿನದು. ಇಂಗ್ಲಿಷಿನವರು ತೊಟ್ಟುಕೊಂಡದ್ದು ಆಮೇಲೆ.

ಮಕ್ಕಳೆ, ಯಾವ ಭಾಷೆಯೂ ಒಬ್ಬರ ಆಸ್ತಿಯಲ್ಲ. ಕೊಟ್ಟು ತಂದೇ ಎಲ್ಲ ಭಾಷೆಗಳೂ ಬೆಳೆದಿವೆ. ಕೊಟ್ಟವರ ಸಾಲಿನಲ್ಲಿ ನಾವೂ ಇದ್ದೇವೆ. ಹಾಗಿದ್ದ ಮೇಲೆ ಇಂಗ್ಲಿಷ್ ಪುಸ್ತಕದ ಮುಂದೆ ತಲೆ ತಗ್ಗಿಸುವುದೇಕೆ?

ಕೊನೆಗೆ ಒಂದು ಕೆಲಸ ಹೇಳುತ್ತೇನೆ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ನಿಜಾಮರ ಕಾಲದಲ್ಲಿ ಶಾಲೆಯೂ ಕಚೇರಿಯೂ ಉರ್ದುವಿನಲ್ಲಿ ನಡೆದವು. ಆ ಅಕ್ಷರ ಓದಬಲ್ಲ, ಆ ಮಾತಿನ ಅರ್ಥ ಬಲ್ಲ ಅಜ್ಜಂದಿರು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರ ಬಳಿ ಕುಳಿತು ಬಟ್ಟೆಯ, ಹೊಲದ, ಅಡಿಗೆಮನೆಯ ಹಳೆಯ ಪದಗಳನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಾಲೆಗೆ ಐವತ್ತು ತುಂಬಿದ ಈ ವರ್ಷವೇ ಶುರುಮಾಡಿ. ಆ ನೋಟ್‌ಬುಕ್ಕು ಮುಂದಿನ ಐವತ್ತು ವರ್ಷದ ಮಕ್ಕಳಿಗೆ ಬೇಕಾಗುತ್ತದೆ.