ಮಳೆಯಿರುಳಿನ ದಾರಿ

ಮುಂಗಾರು ಹಿಡಿದ ಮೇಲೆ ಆಗುಂಬೆ, ಸಕಲೇಶಪುರದ ಕಾಡುದಾರಿಗಳಲ್ಲಿ ಹಗಲಿಗಿಂತ ಇರುಳಿಗೇ ಜೀವಕಳೆ ಹೆಚ್ಚು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಅದಕ್ಕೆ ಚರ್ಮ ಒದ್ದೆಯಾಗಿರಬೇಕು. ಹಾಗಾಗಿ ಮಳೆ ಸುರಿದ ರಾತ್ರಿಯೇ ಅದು ಸಂಗಾತಿಯನ್ನೂ ನೀರನ್ನೂ ಹುಡುಕಿ ರಸ್ತೆ ದಾಟುತ್ತದೆ. ಮಲಬಾರಿನ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಗೊದಮೊಟ್ಟೆಗಳು ಅಲ್ಲಿಂದ ಕೆಳಗಿನ ಹೊಂಡಕ್ಕೆ ಜಾರಿ ಬೀಳುತ್ತವೆ. ಕಪ್ಪೆಗಾಗಿ ಗುಳಿಮಂಡಲ ಹಾವು ಪೊದೆಯಲ್ಲಿ ಅಲುಗದೆ ಕಾಯುತ್ತದೆ.

ಇದನ್ನೆಲ್ಲ ಕ್ಯಾಮೆರಾದಲ್ಲಿ ಸೆರೆಹಿಡಿಯುವ ಆಸೆ ತಪ್ಪಲ್ಲ. ಆದರೆ ಚಿತ್ರ ಚೆನ್ನಾಗಿ ಬರಲೆಂದು ಕಪ್ಪೆಯನ್ನು ಎತ್ತಿ ಬೇರೆ ಎಲೆಯ ಮೇಲೆ ಕೂರಿಸುವುದು, ಕಣ್ಣಿಗೆ ಮತ್ತೆ ಮತ್ತೆ ಫ್ಲ್ಯಾಶ್ ಹೊಡೆಯುವುದು ತಪ್ಪು. ಕೈಗೆ ಸವರಿಕೊಂಡ ಸೊಳ್ಳೆಯ ಮುಲಾಮು ಅದರ ತೆಳು ಚರ್ಮಕ್ಕೆ ವಿಷ. ಇನ್ನು ವೇಗದ ಚಕ್ರಕ್ಕಂತೂ ಕಪ್ಪೆ, ಹಾವು ಎಂಬ ಭೇದವೇ ಇಲ್ಲ.

ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ನಿರ್ಬಂಧವಿಲ್ಲದ ದಾರಿಗಳಲ್ಲಿ ಸಂಯಮವನ್ನು ನಾವೇ ತಂದುಕೊಳ್ಳಬೇಕು. ಈ ಮಳೆಗಾಲದಲ್ಲಿ ಘಾಟಿಯ ಕಡೆ ಹೊರಟವರು ಗಾಡಿ ನಿಧಾನ ಮಾಡಿ, ದೂರದಿಂದಲೇ ನೋಡಿ. ಚಿತ್ರ ಸಿಗದಿದ್ದರೆ ನಷ್ಟವಿಲ್ಲ, ಜೀವ ಉಳಿಯಲಿ.