ಬೆಟ್ಟ ನಮ್ಮದು, ಬಣ್ಣವೂ ನಮ್ಮದೇ ಇರಲಿ!

(ಬೆಟ್ಟ ಹತ್ತಲು ಮಧುಗಿರಿಗೆ ಬಂದಿದ್ದ ಬೆಂಗಳೂರಿನ ಕನ್ನಡ ಯುವಕ ಯುವತಿಯರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ಅಕ್ಟೋಬರ್ ಬಂತೆಂದರೆ ಪ್ರೆಸ್ಸಿಗೆ ರಾಜ್ಯೋತ್ಸವದ ಪೋಸ್ಟರು, ಕರಪತ್ರ, ಕ್ಯಾಲೆಂಡರುಗಳ ಕೆಲಸ ಶುರು. ತಾಯಿ ಭುವನೇಶ್ವರಿಯ ಚಿತ್ರ ಮುಂದೆ, ಹಿಮ ಹೊದ್ದ ಬೆಟ್ಟ ಹಿಂದೆ! ಕರ್ನಾಟಕದಲ್ಲಿ ಹಿಮ ಬೀಳುವ ಬೆಟ್ಟ ಯಾವುದು ಸ್ವಾಮಿ? ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತು, ತಂದು ಹಾಕಿದರು. ಇಲ್ಲಿ ನಮ್ಮ ತಲೆಯ ಮೇಲೆಯೇ ಸುಮಾರು 3,900 ಅಡಿ ಎತ್ತರದ ಏಕಶಿಲಾ ಬೆಟ್ಟ ಕೋಟೆ ಹೊತ್ತು ನಿಂತಿದೆ. ಅದರ ಅಚ್ಚಿಗೆ ಒಗ್ಗುವ ಒಂದು ಫೋಟೋ ಕೊಡಿ ಎಂದರೆ ಎಲ್ಲರೂ ಮುಖ ಮುಖ ನೋಡುತ್ತಾರೆ.

ಆ ಫೋಟೋ ತೆಗೆಯುವವರು ನೀವೇ. ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ಮನೆಯಲ್ಲಿ ಕಂಪ್ಯೂಟರ್ ಇದೆ. ಇನ್ನು ಬೇಕಾದದ್ದು ತಿದ್ದುವ ವಿದ್ಯೆ.

ಕಳ್ಳ ಫೋಟೋಶಾಪ್ ಹುಡುಕಿಕೊಂಡು ಹೋಗಬೇಡಿ. ಜಿಂಪ್ ಎಂಬ ಸಾಫ್ಟ್‌ವೇರ್ ಇದೆ. 1995ರಲ್ಲಿ ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು. ಕಾಸು ಕೊಡಬೇಕಾಗಿಲ್ಲ, ಯಾರು ಬೇಕಾದರೂ ತಮ್ಮ ಭಾಷೆಗೆ ತಂದುಕೊಳ್ಳಬಹುದು. ಕನ್ನಡಕ್ಕೂ ಅನುವಾದ ಆಗಿದೆ, ಆದರೆ ಪೂರ್ತಿ ಆಗಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ಪಾಠ: ಮೂಲ ಫೋಟೋ ಮುಟ್ಟಬೇಡಿ. ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ. ಜೆಪೆಗ್ ಕಡತವನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ಸವೆಯುತ್ತದೆ.

ಎರಡನೆಯದು: ದಿಗಂತ ನೆಟ್ಟಗಿರಲಿ. ಸಿರಾ ಕಡೆಯ ಬಯಲು ಓರೆಯಾಗಿ ಕಂಡರೆ ನೋಡುವವನ ಕಣ್ಣು ಜಾರುತ್ತದೆ. ನೆಟ್ಟಗೆ ಮಾಡಿ, ಆಮೇಲೆ ಅಂಚು ಕತ್ತರಿಸಿ.

ಮೂರನೆಯದು: ಕಪ್ಪು ಬಿಳುಪು. ಜಿಂಪ್‌ನಲ್ಲಿ ಲೆವೆಲ್ಸ್ ಎಂಬುದನ್ನು ತೆರೆದರೆ ಗುಡ್ಡದಂಥ ಒಂದು ನಕ್ಷೆ ಬರುತ್ತದೆ. ಎಡ ತುದಿ ಕಪ್ಪು, ಬಲ ತುದಿ ಬಿಳುಪು. ಎರಡು ಕಡೆಯ ಗುರುತನ್ನೂ ಗುಡ್ಡದ ಬುಡಕ್ಕೆ ಎಳೆದು ತನ್ನಿ. ಮಂಕು ಕವಿದ ಫೋಟೋ ಕಣ್ಣು ಬಿಡುತ್ತದೆ. ಗುಡ್ಡದ ಒಳಕ್ಕೆ ತಳ್ಳಿದಿರೋ, ನೆರಳಿನಲ್ಲಿರುವ ಕೋಟೆಗೋಡೆ ಮಸಿಯಾಗುತ್ತದೆ, ಮೋಡ ಬರೀ ಕಾಗದವಾಗುತ್ತದೆ.

ನಾಲ್ಕನೆಯದು ಬಣ್ಣ. ಹೊಸಬರೆಲ್ಲ ಎಡವುವುದು ಇಲ್ಲೇ! ಬಣ್ಣದ ಕಡ್ಡಿ ಸಿಕ್ಕಿದ್ದೇ ತಡ, ಕೊನೆಯವರೆಗೂ ಎಳೆಯುತ್ತಾರೆ. ಹುಲ್ಲು ಗಿಳಿಹಸಿರು, ಆಕಾಶ ಶಾಯಿನೀಲಿ. ನಮ್ಮಲ್ಲಿ ಅದಕ್ಕೊಂದು ಅಳತೆಗೋಲು ಇದೆ. ಮಧುಗಿರಿಯ ಬಂಡೆ ಬೂದು ಬಣ್ಣದ್ದು. ನಡುಹಗಲ ಫೋಟೋದಲ್ಲಿ ಬಂಡೆ ನೀಲಿಯಾಗಿ ಕಂಡರೆ ಬಣ್ಣ ಹಳಿ ತಪ್ಪಿದೆ ಎಂದೇ ಲೆಕ್ಕ. ಮೊದಲು ಬಂಡೆಯನ್ನು ಬಂಡೆಯ ಬಣ್ಣಕ್ಕೆ ತನ್ನಿ, ಉಳಿದದ್ದು ತಾನಾಗಿ ಹತ್ತಿರ ಬರುತ್ತದೆ.

2020ರಲ್ಲಿ ಫೋಟೋಶಾಪ್‌ಗೆ ಆಕಾಶವನ್ನೇ ಬದಲಾಯಿಸುವ ಸೌಲಭ್ಯ ಸೇರಿತು. ಗುಂಡಿ ಒತ್ತಿದರೆ ಪಾವಗಡದ ಮೇಲೆ ಮಳೆಮೋಡ! ಗೆಳೆಯರೇ, ಆ ಮೋಡಕ್ಕಾಗಿ ಪಾವಗಡದ ರೈತ ಎಷ್ಟು ವರ್ಷ ತಲೆ ಎತ್ತಿ ನೋಡಿದ್ದಾನೆ ಗೊತ್ತೇ? 2002ರ ನಂಜುಂಡಪ್ಪ ಸಮಿತಿ ವರದಿ ಪಾವಗಡ, ಸಿರಾ, ಮಧುಗಿರಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಒಣಗಿದ ನೆಲಕ್ಕೆ ಹಸಿರು ಬಳಿದರೆ ವಿಧಾನಸೌಧದಲ್ಲಿ ಕೂತವರು ಏನೆಂದಾರು? ‘ಅಲ್ಲೇನು ಬರ, ಮಲೆನಾಡಿನ ಹಾಗಿದೆಯಲ್ಲ’ ಎಂದಾರು! ಮಂಕು ತೆಗೆಯುವುದು ತಿದ್ದುಪಡಿ, ಇಲ್ಲದ ಮೋಡ ತರುವುದು ಸುಳ್ಳು.

ನಮ್ಮ ನೆಲದ ನಿಜವಾದ ಬಣ್ಣವೇ ಬೇಕಾದಷ್ಟಿದೆ. ಸಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿಯ ಕಲ್ಲಿನ ಮೇಲೆ ಸಂಜೆಬಿಸಿಲು ಬೀಳುವುದನ್ನು ನೋಡಿ. ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರದಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರ ಜನ ಅವನ್ನು ಕಾಯುತ್ತಾರೆ. ಕೊರಟಗೆರೆಯಲ್ಲಿ ಸಿದ್ದರಬೆಟ್ಟವಿದೆ, ಚನ್ನರಾಯನದುರ್ಗವಿದೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಹರಡಿದೆ. ದೂರದಿಂದ ಕೆರೆಯಂತೆ ಹೊಳೆಯುತ್ತದೆ. ಕೆರೆಯಲ್ಲ, ಗಾಜು. ಗಾಜನ್ನು ಗಾಜಾಗಿಯೇ ತೋರಿಸಿ. ಇಂದಿನ ಪಾವಗಡದ ಕಥೆಯೇ ಅದು.

ಇನ್ನು ಅಚ್ಚಿನ ಮಾತು. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆ ಬೇಕು. 12 ಅಂಗುಲ ಅಗಲ, 18 ಅಂಗುಲ ಉದ್ದದ ಪೋಸ್ಟರಿಗೆ 3,600 ಗುಣಿಸು 5,400 ಚುಕ್ಕೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಪರದೆ ಹೊಳೆಯುವುದು ಬೆಳಕಿನಿಂದ, ಕಾಗದದ ಮೇಲೆ ಬರುವುದು ನಾಲ್ಕು ಶಾಯಿ. ಪರದೆಯ ಮಿರುಗು ನೀಲಿ ಕಾಗದದಲ್ಲಿ ಮಂಕಾಗುತ್ತದೆ. ಮೊದಲು ಒಂದು ಪ್ರೂಫ್ ತೆಗೆಸಿ ನೋಡಿ, ಆಮೇಲೆ ಸಾವಿರ ಪ್ರತಿ ಹಾಕಿಸಿ.

ಕೊನೆಗೆ, ಹೆಸರು. ಬೆಟ್ಟದ ಮೇಲೆ ಕನ್ನಡದಲ್ಲಿ ಹರಟುತ್ತೀರಿ, ಫೋಟೋ ಕೆಳಗೆ ಮಾತ್ರ ಇಂಗ್ಲಿಷ್! ಏಕೆ? ಫೋಟೋ ಕಡತದ ಒಳಗೇ ಶೀರ್ಷಿಕೆ, ಊರು, ತಾರೀಖು ಬರೆಯಲು ಜಾಗವಿದೆ. ಅಲ್ಲಿ ಕನ್ನಡದಲ್ಲಿ ಬರೆಯಿರಿ, ಯೂನಿಕೋಡ್‌ನಲ್ಲೇ ಬರೆಯಿರಿ. ಪ್ರೆಸ್ಸುಗಳ ಹಳೆಯ ಫಾಂಟಿನ ಅಕ್ಷರ ಬೇರೆ ಕಂಪ್ಯೂಟರಿಗೆ ಹೋದರೆ ಅರ್ಥವಿಲ್ಲದ ಗುರುತುಗಳಾಗುತ್ತದೆ. ಯೂನಿಕೋಡ್ ಆದರೆ ‘ಚನ್ನರಾಯನದುರ್ಗ’ ಎಂದು ಕನ್ನಡದಲ್ಲಿ ಹುಡುಕಿದವನಿಗೆ ನಿಮ್ಮ ಫೋಟೋ ಸಿಕ್ಕೀತು.

ಜಿಂಪ್‌ನ ಉಳಿದ ಅನುವಾದಕ್ಕೂ ಕೈ ಹಾಕಿ. ಧ್ವಜ ಹಿಡಿಯುವ ಕೈಗೆ ಮೌಸ್ ಭಾರವೇ? ಒಬ್ಬೊಬ್ಬರು ದಿನಕ್ಕೆ ಹತ್ತು ಸಾಲು ಮಾಡಿದರೂ ಹಳ್ಳಿಯ ಹುಡುಗಿಯೊಬ್ಬಳು ನಾಳೆ ಇಂಗ್ಲಿಷಿನ ಹೆದರಿಕೆಯಿಲ್ಲದೆ ಈ ವಿದ್ಯೆ ಕಲಿಯುತ್ತಾಳೆ.

ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಗಡಿ ತಾಲ್ಲೂಕು ಭೂಪಟದಲ್ಲಿ ನಮ್ಮದಾಗಿದ್ದರೆ ಸಾಲದು, ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೂ ಇರಬೇಕು. ಬರುವ ರಾಜ್ಯೋತ್ಸವದ ಪೋಸ್ಟರಿಗೆ ಈ ನಾಲ್ಕು ತಾಲ್ಲೂಕುಗಳಿಂದ ಒಂದೊಂದು ಫೋಟೋ ತನ್ನಿ. ನೆಟ್ಟಗೆ ತಿದ್ದಿ, ಕನ್ನಡದಲ್ಲಿ ಹೆಸರು ಬರೆದು ತನ್ನಿ. ಅಚ್ಚು ಹಾಕುವ ಹೊಣೆ ನನ್ನದು.

ಸಿರಿಗನ್ನಡಂ ಗೆಲ್ಗೆ!