ಇರುಳುಗುರುಡು ಮತ್ತು ನಮ್ಮ ಅಡುಗೆಮನೆ

ಮುಸ್ಸಂಜೆಯಾಯಿತೆಂದರೆ ನಿಮ್ಮ ಮಗು ಆಟ ಬಿಟ್ಟು ಮೂಲೆ ಸೇರುತ್ತದೆಯೆ? ಹೊಸ್ತಿಲು ಎಡವುತ್ತದೆಯೆ? ತುಂಟತನವೆಂದು ಗದರಬೇಡಿ. ಅದು ಇರುಳುಗುರುಡಿನ ಸೂಚನೆಯಿರಬಹುದು.

ಮಂದ ಬೆಳಕಿನಲ್ಲಿ ನೋಡಲು ಬೇಕಾದ ವರ್ಣದ್ರವ್ಯವನ್ನು ಕಣ್ಣು ‘ಎ’ ಜೀವಸತ್ವದಿಂದ ಸಿದ್ಧಪಡಿಸಿಕೊಳ್ಳುತ್ತದೆ. ಕೊರತೆ ಮುಂದುವರಿದರೆ ಕಣ್ಣಿನ ಬಿಳಿಭಾಗ ಒಣಗಿ ಕಾಂತಿಗೆಡುತ್ತದೆ. ಕಡೆಗೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯೇ ಕರಗಿ, ಹೋದ ದೃಷ್ಟಿ ಮರಳುವುದಿಲ್ಲ. ಎಡವುವ ಹಂತದಲ್ಲೇ ವೈದ್ಯರಿಗೆ ತೋರಿಸಿದರೆ ಕಣ್ಣು ಉಳಿಯುತ್ತದೆ. ಈ ಕುರುಡನ್ನು ತಡೆಯಲೆಂದೇ ಭಾರತ ಸರ್ಕಾರವು 1970ರಲ್ಲಿ ಎಳೆಯ ಮಕ್ಕಳಿಗೆ ‘ಎ’ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಆರು ತಿಂಗಳಿಗೊಮ್ಮೆ ಕೊಡುವ ಆ ದ್ರಾವಣವನ್ನು ತಪ್ಪಿಸಬೇಡಿ. ಆದರೆ ವೈದ್ಯರ ಮಾತಿಲ್ಲದೆ ಗುಳಿಗೆ ನುಂಗಿಸಲೂಬೇಡಿ. ಈ ಸತ್ವ ಯಕೃತ್ತಿನಲ್ಲಿ ಶೇಖರವಾಗುತ್ತದೆ, ಅತಿಯಾದರೆ ವಿಷವಾಗುತ್ತದೆ.

ನಿತ್ಯದ ಕಾವಲು ಅಡುಗೆಮನೆಯದು. ನುಗ್ಗೆಕಾಯಿಯನ್ನು ಆಸೆಪಟ್ಟು ಕೊಳ್ಳುವ ನಾವು ಅದರ ಸೊಪ್ಪನ್ನು ಮರೆಯುತ್ತೇವೆ. ಕಣ್ಣಿಗೆ ಬೇಕಾದ ಕ್ಯಾರೊಟಿನ್ ಹೇರಳವಾಗಿರುವುದು ಸೊಪ್ಪಿನಲ್ಲಿ. ದಂಟು, ಹರಿವೆ, ಮೆಂತ್ಯದ ಸೊಪ್ಪು, ಕ್ಯಾರೆಟ್, ಮಾವು, ಪರಂಗಿ ಹಣ್ಣುಗಳಲ್ಲೂ ಅದುಂಟು. ದೇಹ ಅದನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಜಿಡ್ಡಿಲ್ಲದೆ ಕ್ಯಾರೊಟಿನ್ ಸರಿಯಾಗಿ ಮೈಗೆ ಹತ್ತದು. ಆದ್ದರಿಂದ ಸೊಪ್ಪಿನ ಪಲ್ಯಕ್ಕೆ ಹಾಕುವ ಒಂದು ಚಮಚ ಎಣ್ಣೆಯ ಒಗ್ಗರಣೆ ಬರಿಯ ರುಚಿಗಲ್ಲ, ಕಣ್ಣಿಗೂ ಹೌದು.